ಹೊಸದು ಮಾಮೂಲಾಗುವ ಮುಹೂರ್ತ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆಗಲ್ಲಿನ ಶಾಸನವಿದೆ. ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿಯೂ ಇಂಥವೇ ಇವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಈ ಮೂರನ್ನೂ ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕ್ಷೇಮಸಮಾಚಾರ ಕೇಳಿ, ಚಕ್ರವರ್ತಿಯ ಆಜ್ಞೆ ತಿಳಿಸುವ ಬರಹ ಬ್ರಹ್ಮಗಿರಿಯದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಹೆಸರಿನ ಜೊತೆಗೆ ಬರುವ 'ಲಿಪಿಕಾರ' ಎಂಬ ಮಾತನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆದಿಲ್ಲ, ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಚಲಾವಣೆಯಲ್ಲಿದ್ದದ್ದು ವಾಯವ್ಯ ಗಡಿಯ ಗಾಂಧಾರದ ಕಡೆ. ಅಲ್ಲಿ ಅಕ್ಷರ ಕಲಿತ ಕೈಯೊಂದು ಸಾವಿರಕ್ಕೂ ಹೆಚ್ಚು ಮೈಲಿ ದಾಟಿ ಇಲ್ಲಿಗೆ ಬಂದು, ಕಚೇರಿಯ ಕೆಲಸವನ್ನು ಕಚೇರಿಯ ಲಿಪಿಯಲ್ಲಿ ಮುಗಿಸಿ, ತನ್ನ ಗುರುತನ್ನು ತನ್ನ ರೂಢಿಯ ಲಿಪಿಯಲ್ಲಿ ಬಿಟ್ಟಿತು ಎಂದು ವಿದ್ವಾಂಸರು ಊಹಿಸುತ್ತಾರೆ.

ಈ ನೆಲದಲ್ಲಿ ಬರಹದ ಒಂದು ಪದ್ಧತಿಯನ್ನು 'ಇನ್ನು ಮುಂದೆ ಇದೇ' ಎಂದು ನೆಲೆಗೊಳಿಸಿದ್ದಕ್ಕೆ ಸಿಗುವ ಮೊದಲ ದಾಖಲೆಗಳಲ್ಲಿ ಇದೂ ಒಂದು. ಬ್ರಾಹ್ಮಿ ಇಲ್ಲಿ ಬೇರೂರಿತು. ಆದರೆ ಅದರ ಜೊತೆಗೆ ಬಂದ ಪ್ರಾಕೃತ ಊರಿನವರ ಮಾತಾಗಲಿಲ್ಲ. ಕದಂಬ ಮಯೂರಶರ್ಮನ ಚಂದ್ರವಳ್ಳಿ ಶಾಸನ ಕೂಡ, ಅದೂ ಇದೇ ಚಿತ್ರದುರ್ಗ ಜಿಲ್ಲೆಯದು, ಪ್ರಾಕೃತದಲ್ಲಿಯೇ ಇದೆ. ಜನ ಆಡುತ್ತಿದ್ದ ಕನ್ನಡ ಕಲ್ಲಿನ ಮೇಲೆ ಸಲೀಸಾಗಿ ಕಾಣಿಸಿಕೊಳ್ಳಲು ಐದನೇ ಶತಮಾನದ ಹಲ್ಮಿಡಿ ಶಾಸನದವರೆಗೆ ಕಾಯಬೇಕಾಯಿತು. ಆಜ್ಞೆ ಹೊರಡಿಸಲು ಒಂದು ದಿನ ಸಾಕಾಗುತ್ತದೆ. ರೂಢಿ ತಿರುಗಲು ಅಷ್ಟು ಸಾಲದು.

ಹೊಸ ಪದ್ಧತಿ ರೂಢಿಯಾಗುವುದು ಹೇಗೆ ಎಂಬ ಇದೇ ಪ್ರಶ್ನೆಯನ್ನು ಇಪ್ಪತ್ತೊಂದನೇ ಶತಮಾನದ ಕನ್ನಡ ಕಂಪ್ಯೂಟರಿನ ಒಳಗೆ ಎದುರಿಸಿತು. ಅಕ್ಷರಕ್ಕೆ ಯಾವ ಸಂಕೇತ, ಬೆರಳಿಗೆ ಯಾವ ಕೀಲಿಮಣೆ, ಪರದೆಗೆ ಯಾವ ಫಾಂಟ್, ಒತ್ತಕ್ಷರ ಜೋಡಿಸಲು ಯಾವ ಎಂಜಿನ್ ಎಂಬುದನ್ನೆಲ್ಲ ತೀರ್ಮಾನಿಸಬೇಕಿತ್ತು. ಇವುಗಳಲ್ಲಿ ಬಹುಪಾಲು ಇಂದು ಓಪನ್ ಸೋರ್ಸ್ ಘಟಕಗಳು, ಅಂದರೆ ಯಾರು ಬೇಕಾದರೂ ಒಳಗೆ ನೋಡಿ, ತಿದ್ದಿ, ಹಂಚಬಹುದಾದ ತಂತ್ರಾಂಶದ ಬಿಡಿಭಾಗಗಳು. ಹೊಸ ಘಟಕವೊಂದನ್ನು ಯಾವ ದಿನ ಡೀಫಾಲ್ಟ್, ಅಂದರೆ ಬೇರೇನನ್ನೂ ಆರಿಸದಿದ್ದರೆ ತಾನಾಗಿ ಬರುವಂಥದ್ದು, ಮಾಡಬೇಕು? ಸಾಮಾನ್ಯವಾಗಿ ಸಿಗುವ ಉತ್ತರ 'ಅದು ಹಳೆಯದಕ್ಕಿಂತ ಚೆನ್ನಾಗಿದ್ದರೆ ಸರಿ' ಎಂಬುದು. ಕಳೆದ ಇಪ್ಪತ್ತೈದು ವರ್ಷಗಳ ಕಥೆ ಬೇರೆಯದನ್ನೇ ಹೇಳುತ್ತದೆ.

ಕೈಬರಹಕ್ಕೆ ಬಿದ್ದ ಬೀಗ

ಮೊದಲು ತಾಲ್ಲೂಕು ಕಚೇರಿಗೆ ಹೋಗೋಣ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಮಳೆಯಾಶ್ರಿತ ಶೇಂಗಾದ ಸೀಮೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಆ ಬೆಳೆಯ ಮೇಲೆಯೇ ನಿಂತಿದ್ದವು. ಬಿತ್ತನೆಗೆ ಸಾಲ ಬೇಕೆಂದರೆ, ಬೆಳೆ ಹೋದಾಗ ಪರಿಹಾರ ಬೇಕೆಂದರೆ, ಜಾಮೀನು ನಿಲ್ಲಬೇಕೆಂದರೆ, ಪಾಲಾಗಬೇಕೆಂದರೆ ಜಮೀನಿನ ದಾಖಲೆಯಾದ ಪಹಣಿ ಇಲ್ಲದೆ ಆಗುತ್ತಿರಲಿಲ್ಲ. ಪಹಣಿಯ 9ನೇ ಕಲಮಿನಲ್ಲಿ ಖಾತೆದಾರನ ಹೆಸರು, 10ರಲ್ಲಿ ಜಮೀನು ಬಂದ ಬಗೆ, 11ರಲ್ಲಿ ಋಣಭಾರ, 12ರಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ. ಇಷ್ಟನ್ನೂ ಕೈಯಲ್ಲಿ ಬರೆದಿಡುತ್ತಿದ್ದವರು ಹಿಂದೆ ಶಾನುಭೋಗರು. ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾದ ಮೇಲೆ ಆ ಕೆಲಸ ಗ್ರಾಮ ಲೆಕ್ಕಿಗರ ಪಾಲಿಗೆ ಬಂತು. ಪುಸ್ತಕ ಅವರ ಬಳಿ ಇರುತ್ತಿತ್ತು, ಅವರು ಎಲ್ಲಿದ್ದರೋ ಪಹಣಿಯೂ ಅಲ್ಲಿಯೇ. ರೈತ ನಾಯಕನಹಟ್ಟಿಯಿಂದಲೋ ಪರಶುರಾಂಪುರದಿಂದಲೋ ದೇವಸಮುದ್ರದಿಂದಲೋ ಬಂದು 'ಸಾಹೇಬ್ರು ಫೀಲ್ಡಿಗೆ ಹೋಗವ್ರೆ' ಎಂಬ ಮಾತು ಕೇಳಿ ವಾಪಸಾಗುವುದು ಮಾಮೂಲಾಗಿತ್ತು.

ಭೂದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಯತ್ನ 'ಭೂಮಿ'ಗಿಂತ ಹಳೆಯದು. ಕೇಂದ್ರ ಸರ್ಕಾರದ ಯೋಜನೆಯಡಿ 1990ರ ದಶಕದ ಆರಂಭದಲ್ಲೇ ರಾಜ್ಯದಲ್ಲಿ ದತ್ತಾಂಶ ತುಂಬುವ ಕೆಲಸ ನಡೆದಿತ್ತು. ಆ ಯತ್ನ ಕುಂಟಿದ್ದಕ್ಕೆ ಯಂತ್ರವನ್ನು ದೂರುವಂತಿರಲಿಲ್ಲ. ಮಾಹಿತಿ ಜಿಲ್ಲಾ ಕೇಂದ್ರದ ಕಂಪ್ಯೂಟರಿನಲ್ಲಿ ಕೂತಿತ್ತು, ಜಮೀನಿನ ವ್ಯವಹಾರ ತಾಲ್ಲೂಕಿನಲ್ಲಿ ನಡೆಯುತ್ತಿತ್ತು. ಕೈಬರಹದ ಪುಸ್ತಕ ಮುಂದೆ ಹೋಗುತ್ತಲೇ ಇತ್ತು, ಕಂಪ್ಯೂಟರಿನ ಪ್ರತಿ ತುಂಬಿದ ದಿನಕ್ಕೇ ಅಂಟಿಕೊಂಡಿತ್ತು. ಎರಡೂ ಒಟ್ಟಿಗೆ ಚಲಾವಣೆಯಲ್ಲಿದ್ದರೆ ನಿಜವಾದ ದಾಖಲೆ ಯಾವುದು ಎಂಬ ಪ್ರಶ್ನೆಗೆ ಎಲ್ಲರ ಉತ್ತರ ಒಂದೇ: ಹಳೆಯದು.

ಕಂದಾಯ ಇಲಾಖೆಯಲ್ಲಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುನ್ನಡೆಸಿದ 'ಭೂಮಿ' ಯೋಜನೆ ಈ ಗಂಟನ್ನೇ ಮೊದಲು ಬಿಡಿಸಿತು. ತಂತ್ರಾಂಶ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ್ದು. ಅದು ಓಪನ್ ಸೋರ್ಸ್ ಆಗಿರಲಿಲ್ಲ. ಆದರೂ ಹೊಸದನ್ನು ಡೀಫಾಲ್ಟ್ ಮಾಡುವುದು ಹೇಗೆ ಎಂಬುದಕ್ಕೆ ಕರ್ನಾಟಕದಲ್ಲಿ ಅದಕ್ಕಿಂತ ದೊಡ್ಡ ಪಾಠ ಸಿಗುವುದಿಲ್ಲ. ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ತಾಲ್ಲೂಕು ಮಟ್ಟದಲ್ಲಿಯೇ ಕಂಪ್ಯೂಟರಿಗೆ ತುಂಬಲಾಯಿತು. ತುಂಬಿದ್ದನ್ನು ಮುದ್ರಿಸಿ ಮತ್ತೆ ಗ್ರಾಮ ಲೆಕ್ಕಿಗರ ಕೈಗೇ ಕೊಟ್ಟರು. ಮೂಲ ಪುಸ್ತಕದೊಂದಿಗೆ ತಾಳೆ ನೋಡಿ, ತಪ್ಪು ಗುರುತಿಸಿ, ರುಜು ಹಾಕಬೇಕಾದವರು ಅವರೇ. ಯಾರ ಕೈಯಿಂದ ಅಧಿಕಾರ ಜಾರಿಹೋಗುತ್ತಿತ್ತೋ ಅವರ ರುಜುವಿನಿಂದಲೇ ಹೊಸ ದಾಖಲೆಗೆ ಮಾನ್ಯತೆ ಬಂತು.

ಅದಾದ ಮೇಲಷ್ಟೇ ದಿನ ಗೊತ್ತಾಯಿತು, ಅದೂ ಇಡೀ ರಾಜ್ಯಕ್ಕೆ ಒಂದೇ ದಿನವಲ್ಲ. ಯಾವ ತಾಲ್ಲೂಕಿನ ದಾಖಲೆ ತಾಳೆಯಾಗಿ ಸಿದ್ಧವಾಯಿತೋ ಅಲ್ಲಿ ಕಿಯೋಸ್ಕ್ ತೆರೆದು, ಅಂದಿನಿಂದ ಆ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲ ಎಂದು ಸಾರಲಾಯಿತು. ಹೀಗೆ ತಾಲ್ಲೂಕಿನಿಂದ ತಾಲ್ಲೂಕಿಗೆ ಹಬ್ಬಿ 2002ರ ಹೊತ್ತಿಗೆ ಆಗಿನ 177 ತಾಲ್ಲೂಕುಗಳನ್ನೂ ಅದು ಮುಟ್ಟಿತು. ಚಳ್ಳಕೆರೆ, ಮೊಳಕಾಲ್ಮೂರುಗಳಿಗೂ ಹಾಗೆಯೇ ಬಂತು. ಆಗ ಒಂದು ಪಹಣಿಗೆ 15 ರೂಪಾಯಿ ಶುಲ್ಕವಿತ್ತು. ಗುಮಾಸ್ತರ ಮುಂದಿನ ಪರದೆಯಲ್ಲಿ ಏನಿದೆಯೋ ಅದು ರೈತನಿಗೂ ಕಾಣಲೆಂದು ಅವನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ ಇಟ್ಟರು. ಸಿಬ್ಬಂದಿ ಬೆರಳಚ್ಚು ಕೊಟ್ಟರೆ ಮಾತ್ರ ತಂತ್ರಾಂಶ ತೆರೆಯುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಇತ್ಯರ್ಥವಾಗಬೇಕು ಎಂಬ ಕಟ್ಟು ತಂತ್ರಾಂಶದ ಒಳಗೇ ಇತ್ತು.

ಭೂಮಿಗೆ ಟೀಕೆಗಳೂ ಬಂದವು. ಅಧಿಕಾರ ಹಳ್ಳಿಯಿಂದ ತಾಲ್ಲೂಕಿಗೆ ಸರಿಯಿತು, ಬಡವನಿಗಿಂತ ಜಮೀನು ಕೊಳ್ಳುವವನಿಗೆ ಅನುಕೂಲವಾಯಿತು, ಪುಸ್ತಕದಲ್ಲಿದ್ದ ತಪ್ಪು ಮುದ್ರಣಗೊಂಡು ಗಟ್ಟಿಯಾಯಿತು ಎಂದು ಸಂಶೋಧಕರು ಬರೆದರು. ಕಾಗುಣಿತ ತಪ್ಪಿದ ಹೆಸರೊಂದನ್ನು ಸರಿಪಡಿಸಲು ರೈತರು ಅಲೆದದ್ದು ಸುಳ್ಳಲ್ಲ. ಆದರೆ ನಮ್ಮ ಪ್ರಶ್ನೆಗೆ ಬೇಕಾದದ್ದು ಇಷ್ಟು: ಹಳೆಯದರ ಹೊರೆಯನ್ನೆಲ್ಲ ಹೊಸದಕ್ಕೆ ಸಾಗಿಸಿ, ಸಾಗಿಸಿದ್ದನ್ನು ತಿಳಿದವರಿಂದ ತಾಳೆ ನೋಡಿಸಿ, ಆಮೇಲೆ ಹಳೆಯದನ್ನು ನಿಲ್ಲಿಸಿದರು. ಈ ಕ್ರಮ ಒಂದೇ ಒಂದು ಹೆಜ್ಜೆ ಹಿಂದುಮುಂದಾಗಿದ್ದರೂ 1990ರ ದಶಕದ ಗತಿಯೇ ಆಗುತ್ತಿತ್ತು.

ಏಳು ಚಿಹ್ನೆಗಳ 'ಕನ್ನಡ'

ಅದೇ ಹೊತ್ತಿಗೆ ಕಚೇರಿಯ ಹೊರಗೆ, ಡಿಟಿಪಿ ಅಂಗಡಿಗಳಲ್ಲಿ, ಕನ್ನಡ ಬೇರೆಯದೇ ಪಾಡು ಪಡುತ್ತಿತ್ತು. ಶ್ರೀಲಿಪಿ, ಆಕೃತಿ, ಪ್ರಕಾಶಕ್, ನುಡಿ ಹೀಗೆ ಒಂದೊಂದಕ್ಕೂ ಅದರದೇ ಸಂಕೇತ. ಕಂಪ್ಯೂಟರ್ ಇಂಗ್ಲಿಷಿನ ಚಿಹ್ನೆಗಳನ್ನೇ ಉಳಿಸಿಕೊಳ್ಳುತ್ತಿತ್ತು, ಫಾಂಟ್ ಅವುಗಳ ಮೇಲೆ ಕನ್ನಡದ ವೇಷ ತೊಡಿಸುತ್ತಿತ್ತು. ನುಡಿಯಲ್ಲಿ 'ಕನ್ನಡ' ಎಂದು ಬರೆದರೆ ಒಳಗೆ ಉಳಿಯುತ್ತಿದ್ದದ್ದು ಏಳು ಚಿಹ್ನೆ: ಕ-ದ ಮೈಗೆ ಇಂಗ್ಲಿಷಿನ 'ಪಿ', ತಲೆಕಟ್ಟಿಗೆ ಗೆರೆ ಹೊತ್ತ 'ಎ', ನ-ದ ಮೈಗೆ ಪೌಂಡಿನ ಗುರುತು, ಮತ್ತೆ ತಲೆಕಟ್ಟು, ನ-ವತ್ತಿಗೆ ಜರ್ಮನ್ ಭಾಷೆಯ ಒಂದು ಅಕ್ಷರ, ಡ-ದ ಮೈಗೆ 'ಕ್ಯೂ', ಮತ್ತೊಮ್ಮೆ ತಲೆಕಟ್ಟು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಈ ಪೌಂಡು, 'ಪಿ'ಗಳ ಸಂತೆ ಕಣ್ಣಿಗೆ ಹೊಡೆಯುತ್ತಿತ್ತು. ಹುಡುಕಲು ಆಗದು, ಅಕಾರಾದಿಯಾಗಿ ಜೋಡಿಸಲು ಆಗದು, ಬೇರೆ ತಂತ್ರಾಂಶಕ್ಕೆ ಕೊಡಲು ಆಗದು.

ಬೆರಳಿನ ಮಟ್ಟಿಗೆ ಮಾತ್ರ ಒಂದು ಒಳ್ಳೆಯ ಪರಿಹಾರ ಸಿಕ್ಕಿತ್ತು. ಕೆ.ಪಿ. ರಾವ್, ಅಂದರೆ ಕಿನ್ನಿಕಂಬಳ ಪದ್ಮನಾಭ ರಾವ್, ಕನ್ನಡದ ಉಚ್ಚಾರಣೆಯ ತರ್ಕಕ್ಕೆ ಹೊಂದುವ ಕೀಲಿಮಣೆ ವಿನ್ಯಾಸ ರೂಪಿಸಿದರು. ಅಲ್ಪಪ್ರಾಣಕ್ಕೆ ಒಂದು ಕೀಲಿ, ಅದನ್ನೇ ಶಿಫ್ಟ್ ಜೊತೆ ಒತ್ತಿದರೆ ಮಹಾಪ್ರಾಣ, ಒತ್ತಕ್ಷರ ಬೆಸೆಯಲು 'ಎಫ್'. ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಒತ್ತಿಗೆ 'ಕನ್ನಡ' ಬರುತ್ತದೆ. ತಾವು ಮಾಡಿದ್ದನ್ನು ರಾವ್ ಕಟ್ಟಿಟ್ಟುಕೊಳ್ಳಲಿಲ್ಲ, ಹಂಚಿದರು. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ'ಯೂ ಇದನ್ನೇ ಬಳಸಿತು, ಸರ್ಕಾರವೂ ಇದನ್ನೇ ಶಿಷ್ಟ ವಿನ್ಯಾಸವೆಂದು ಒಪ್ಪಿತು. ನುಡಿ ಉಚಿತವಾಗಿ ಸಿಕ್ಕಿತು, ಕಚೇರಿಗಳಿಗೆ ಕಡ್ಡಾಯವಾಯಿತು, ನೌಕರರಿಗೆ ತರಬೇತಿಯಾಯಿತು. ಒಂದು ಇಡೀ ತಲೆಮಾರಿನ ಬೆರಳು ಆ ವಿನ್ಯಾಸಕ್ಕೆ ಪಳಗಿತು.

ಸಂಕೇತದ ವಿಷಯದಲ್ಲಿ ಜಗತ್ತು ಬೇರೆ ದಾರಿ ಹಿಡಿದಿತ್ತು. 1991ರಲ್ಲಿ ಹೊರಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಜಾಗ ಮೀಸಲಾಗಿತ್ತು. ಅಲ್ಲಿ ತಲೆಕಟ್ಟಿಗೆ ಬೇರೆ, ಮೈಗೆ ಬೇರೆ ಎಂಬ ತುಂಡರಿಕೆ ಇಲ್ಲ. ಅಕ್ಷರಗಳು ನಾವು ಉಚ್ಚರಿಸುವ ಕ್ರಮದಲ್ಲಿ ಉಳಿಯುತ್ತವೆ, ಜೋಡಿಸಿ ತೋರಿಸುವುದು ತಂತ್ರಾಂಶದ ಹೊಣೆ. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟಿನೊಂದಿಗೆ ಯುನಿಕೋಡ್ ಕನ್ನಡವನ್ನು ತಂದಿತು. ಆದರೆ ಅದರ ಕೀಲಿಮಣೆ ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್. ಕರ್ನಾಟಕದ ಬೆರಳುಗಳು ಕೆ.ಪಿ. ರಾವ್ ವಿನ್ಯಾಸದಲ್ಲಿದ್ದವು, ಯಂತ್ರದ ಡೀಫಾಲ್ಟ್ ಬೇರೆಯದಾಗಿತ್ತು. ಹೊಸದು ಎಷ್ಟೇ ಶಾಸ್ತ್ರೀಯವಾಗಿದ್ದರೂ ಕೂತವನು ಎರಡು ಸಾಲು ಬರೆಯಲು ತಡಕಾಡಿದರೆ ಮರುದಿನ ಹಳೆಯದಕ್ಕೇ ಮರಳುತ್ತಾನೆ. ಹಾಗೆಯೇ ಆಯಿತು.

ಒಂಬತ್ತೂವರೆ ಲಕ್ಷ ಪದಗಳ ಪರೀಕ್ಷೆ

ಈ ಬಿರುಕನ್ನು ಮುಚ್ಚಿದವರಲ್ಲಿ ಓಪನ್ ಸೋರ್ಸ್ ಬಳಗದವರ ಪಾಲು ದೊಡ್ಡದು. ಮುಕ್ತ ಕಾರ್ಯಾಚರಣೆ ವ್ಯವಸ್ಥೆಯಾದ ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಇನ್‌ಸ್ಕ್ರಿಪ್ಟಿನ ಪಕ್ಕದಲ್ಲೇ 'ಕಗಪ' ಎಂಬ ಹೆಸರಿನಲ್ಲಿ, ಕನ್ನಡ ಗಣಕ ಪರಿಷತ್ತಿನ ಮೂರು ಮೊದಲಕ್ಷರಗಳಲ್ಲಿ, ರಾವ್ ವಿನ್ಯಾಸ ಸೇರಿಕೊಂಡಿತು. ಸೋಜಿಗವೆಂದರೆ ಅದು ಕನ್ನಡಕ್ಕೆ ನಿಲ್ಲಲಿಲ್ಲ. ಹಿಂದಿ, ಮರಾಠಿ, ತೆಲುಗು, ಸಂಸ್ಕೃತಗಳಿಗೂ ಅದೇ ಹೆಸರಿನ ವಿನ್ಯಾಸ ಅಲ್ಲಿದೆ. ರಾಯದುರ್ಗದ ಗಡಿಗೆ ಅಂಟಿಕೊಂಡಿರುವ ಮೊಳಕಾಲ್ಮೂರಿನಲ್ಲಿ ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಎಂಬವರು ಬಹಳ. ಅಂಥವರಿಗೆ ಎರಡೂ ಭಾಷೆ ಒಂದೇ ಬೆರಳಿನ ಅಭ್ಯಾಸದಲ್ಲಿ ಸಿಗುವಂತಾಯಿತು. ಫಾಂಟಿಗೆ ರೆಡ್ ಹ್ಯಾಟ್ ಬಿಡುಗಡೆ ಮಾಡಿದ ಮುಕ್ತ ಪರವಾನಗಿಯ 'ಲೋಹಿತ್' ಬಂತು. ಸ್ವಯಂಸೇವಕರು ಲಿನಕ್ಸಿನ ಪರದೆಯ ಮಾತುಗಳನ್ನು ಕನ್ನಡಕ್ಕೆ ತಂದರು.

ಉಳಿದದ್ದು ಜೋಡಣೆಯ ಎಂಜಿನ್. 'ರಾಷ್ಟ್ರ' ಎಂಬ ಮಾತು ಯುನಿಕೋಡಿನಲ್ಲಿ ಏಳು ಸಂಕೇತಗಳ ಸಾಲು: ರ, ದೀರ್ಘ, ಷ, ವಿರಾಮ, ಟ, ವಿರಾಮ, ರ. ಷ-ದ ಕೆಳಗೆ ಟ-ವತ್ತು, ಅದರ ಜೊತೆಗೆ ರ-ವತ್ತು ಎಂದು ಪರದೆಯ ಮೇಲೆ ಕೂರಿಸಬೇಕಾದದ್ದು ಈ ಎಂಜಿನ್. 2000ರ ದಶಕದ ಲಿನಕ್ಸಿನಲ್ಲಿ ಒಂದೊಂದು ಮನೆಗೂ ಒಂದೊಂದು ಒಲೆ ಇದ್ದಂತೆ ಎಂಜಿನ್‌ಗಳಿದ್ದವು. ಗ್ನೋಮ್‌ಗೆ ಪ್ಯಾಂಗೋ, ಕೆಡಿಇಗೆ ಕ್ಯೂಟಿ, ಓಪನ್ ಆಫೀಸಿಗೆ ಐಸಿಯು. ಒಂದೇ ಯಂತ್ರದಲ್ಲಿ ಬ್ರೌಸರಿನಲ್ಲಿ ಸರಿಯಾಗಿ ಕೂತ ಒತ್ತಕ್ಷರ ಬರವಣಿಗೆಯ ತಂತ್ರಾಂಶದಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. ಒಂದು ಕಡೆ ತಿದ್ದಿದ ದೋಷ ಇನ್ನೊಂದು ಕಡೆ ಹಾಗೆಯೇ ಉಳಿಯುತ್ತಿತ್ತು.

ಎಲ್ಲಕ್ಕೂ ಒಂದೇ ಎಂಜಿನ್ ಇರಲಿ ಎಂದು ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ 'ಹಾರ್ಫ್‌ಬಜ್' ಅನ್ನು ಹೊಸದಾಗಿ ಬರೆಯತೊಡಗಿದರು. 2012ರ ಹೊತ್ತಿಗೆ ಭಾರತೀಯ ಲಿಪಿಗಳ ಭಾಗ ರೂಪುಗೊಂಡಿತು. ಇದನ್ನು ಡೀಫಾಲ್ಟ್ ಮಾಡಬಹುದೇ ಎಂದು ತೀರ್ಮಾನಿಸುವುದು ಹೇಗೆ? ಬರೆದವರಿಗೆ ಕನ್ನಡ ಓದಲು ಬಾರದು. ಅವರು ಕಂಡುಕೊಂಡ ಉಪಾಯ ಹೀಗಿತ್ತು: ಒಂದೊಂದು ಭಾಷೆಯ ವಿಕಿಪೀಡಿಯದಿಂದ ಪದಗಳನ್ನೆಲ್ಲ ಬಾಚಿಕೊಂಡು, ಅವನ್ನು ಹೊಸ ಎಂಜಿನ್ನಿಗೂ ವಿಂಡೋಸಿನ ಎಂಜಿನ್ ಆದ ಯುನಿಸ್ಕ್ರೈಬಿಗೂ ಕೊಟ್ಟು, ಎರಡರ ಫಲಿತಾಂಶ ಒಂದೇ ಬರುತ್ತದೆಯೇ ನೋಡುವುದು. ಕನ್ನಡದ ಪಟ್ಟಿಯಲ್ಲಿ ಸುಮಾರು ಒಂಬತ್ತೂವರೆ ಲಕ್ಷ ಪದಗಳಿದ್ದವು. ಪ್ರತಿ ತಿದ್ದುಪಡಿಯ ನಂತರವೂ ಎಷ್ಟು ಪದ ತಾಳೆಯಾಯಿತು, ಎಷ್ಟು ತಪ್ಪಿತು ಎಂಬ ಲೆಕ್ಕವನ್ನು ಭಾಷಾವಾರು ದಾಖಲಿಸಿಟ್ಟರು. ಕನ್ನಡದಲ್ಲಿ ತಪ್ಪುವ ಪದಗಳು ಸಾವಿರಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿದವು.

ಇಲ್ಲಿ ಎರಡು ಸಂಗತಿ ಗಮನಿಸಬೇಕು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಊರೂರಿನಿಂದ, ದೇಶದೇಶದಿಂದ ಜನ ಸಂಬಳವಿಲ್ಲದೆ ಬರೆದರು. ತಾವು ಬರೆದ ಪದ ಒಂದು ಎಂಜಿನ್ನಿನ ಒರೆಗಲ್ಲಾಗುತ್ತದೆ ಎಂದು ಅವರಲ್ಲಿ ಯಾರೂ ಎಣಿಸಿರಲಿಕ್ಕಿಲ್ಲ. ಎರಡನೆಯದು, ಪರೀಕ್ಷೆ ಕೇಳಿದ ಪ್ರಶ್ನೆ 'ಇದು ಸುಂದರವಾದ ಕನ್ನಡವೇ?' ಎಂಬುದಾಗಿರಲಿಲ್ಲ. 'ಜನ ಈಗಾಗಲೇ ನೋಡುತ್ತಿರುವ ಕನ್ನಡದ ಹಾಗೆಯೇ ಇದೆಯೇ?' ಎಂದು ಕೇಳಿತು. ಹಳೆಯದನ್ನೇ ಅಳತೆಗೋಲಾಗಿ ಇಟ್ಟುಕೊಂಡ ಈ ವಿನಯದಿಂದಲೇ ಹಾರ್ಫ್‌ಬಜ್ ಗೆದ್ದಿತು. 2012ರಲ್ಲಿ ಪ್ಯಾಂಗೋ ಅದಕ್ಕೆ ಬದಲಾಯಿತು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಅದನ್ನು ಹಿಡಿದವು. 2017ರ ಲಿಬ್ರೆ ಆಫೀಸ್ 5.3ರಲ್ಲಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಅದೇ ಎಂಜಿನ್. ಪಹಣಿಯನ್ನು ಗ್ರಾಮ ಲೆಕ್ಕಿಗರು ಸಾಲುಸಾಲಾಗಿ ತಾಳೆ ನೋಡಿದ್ದಕ್ಕೂ ಇದಕ್ಕೂ ಕ್ರಮದಲ್ಲಿ ವ್ಯತ್ಯಾಸವಿಲ್ಲ.

ಆದೇಶ ಬಂತು, ಕಡತ ಬರಲಿಲ್ಲ

ಇನ್ನು ಸರ್ಕಾರದ ಕಡೆ. ಕನ್ನಡದ ತಂತ್ರಾಂಶ ಯಾರದೋ ಹಿಡಿತದಲ್ಲಿರಬಾರದು ಎಂದು ಸಾಹಿತಿ ಪೂರ್ಣಚಂದ್ರ ತೇಜಸ್ವಿ ಗಟ್ಟಿ ದನಿಯಲ್ಲಿ ಹೇಳುತ್ತಿದ್ದರು. ಡಾ. ಕೆ. ಚಿದಾನಂದಗೌಡರ ಅಧ್ಯಕ್ಷತೆಯ ಸಮಿತಿ ಯುನಿಕೋಡಿಗೆ ದಾಟುವ ದಾರಿ ತೋರಿಸಿತು. 2010ರ ದಶಕದ ಆರಂಭದಲ್ಲಿ ರಾಜ್ಯ ಸರ್ಕಾರ ಯುನಿಕೋಡನ್ನು ಕಚೇರಿಗಳ ಶಿಷ್ಟತೆಯೆಂದು ಒಪ್ಪಿತು. 2015ರಲ್ಲಿ ಕೇಂದ್ರ ಸರ್ಕಾರ ಇನ್ನೂ ಮುಂದೆ ಹೋಗಿ, ತನ್ನ ಇಲಾಖೆಗಳು ತಂತ್ರಾಂಶ ಕೊಳ್ಳುವಾಗ ಓಪನ್ ಸೋರ್ಸಿಗೆ ಮೊದಲ ಆದ್ಯತೆ ಕೊಡಬೇಕೆಂಬ ನೀತಿ ತಂದಿತು.

ಕಾಗದದ ಮೇಲೆ ಎಲ್ಲವೂ ಸರಿ. ಆದರೆ ತಾಲ್ಲೂಕಿನ ಕಚೇರಿಯಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ, ನಾಯಕನಹಟ್ಟಿ ಜಾತ್ರೆಯ ಭಿತ್ತಿಪತ್ರ ಮಾಡುವವರಲ್ಲಿ ನುಡಿಯ ಹಳೆಯ ಸಂಕೇತ ಕದಲಲಿಲ್ಲ. ಇದನ್ನು ಸೋಮಾರಿತನ ಎಂದುಬಿಡುವುದು ಸುಲಭ. ಕಾರಣ ಅದಲ್ಲ. ಪುಟ ಕಟ್ಟಲು ಎಲ್ಲರೂ ನೆಚ್ಚಿದ್ದ ಪೇಜ್‌ಮೇಕರ್ ಯುನಿಕೋಡ್ ಕನ್ನಡವನ್ನು ಅರಿಯದು. ಇನ್‌ಡಿಸೈನ್‌ನಂಥ ತಂತ್ರಾಂಶ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸತೊಡಗಿದ್ದೇ 2012ರ ಆಸುಪಾಸಿನಲ್ಲಿ. ಮದುವೆ ಕಾಗದಕ್ಕೆ ಬೇಕಾದ ನೂರು ಬಗೆಯ ಚೆಂದದ ಫಾಂಟು ಹಳೆಯ ಸಂಕೇತದಲ್ಲಿದ್ದವು, ಯುನಿಕೋಡಿನಲ್ಲಿ ಬೆರಳೆಣಿಕೆಯಷ್ಟು. ಹಳೇ ಗಂಡನ ಪಾದವೇ ಗತಿ ಎಂದು ಅಂಗಡಿಯವರು ನುಡಿಗೆ ಮರಳಿದರೆ ಅದು ವ್ಯಾಪಾರದ ಲೆಕ್ಕ.

ಅದಕ್ಕಿಂತ ದೊಡ್ಡ ತೊಡಕು ಈಗಾಗಲೇ ಇದ್ದ ಕಡತಗಳದ್ದು. ಹಳೆಯ ಸಂಕೇತದ ಬರಹವನ್ನು ಯುನಿಕೋಡಿಗೆ ತಿರುಗಿಸುವುದು ಅಕ್ಷರಕ್ಕೆ ಅಕ್ಷರ ಅದಲುಬದಲು ಮಾಡಿದಷ್ಟು ಸುಲಭವಲ್ಲ. 'ಕರ್ನಾಟಕ' ಎಂದು ನುಡಿಯಲ್ಲಿ ಬರೆದರೆ ಕಣ್ಣಿಗೆ ಕಂಡ ಕ್ರಮದಲ್ಲಿ ಉಳಿಯುತ್ತದೆ: ಕ, ನಾ, ಆಮೇಲೆ ಅರ್ಕಾವತ್ತು. ಯುನಿಕೋಡಿಗೆ ಬಾಯಿ ಆಡುವ ಕ್ರಮ ಬೇಕು: ಕ, ರ, ವಿರಾಮ, ನಾ. ಪರಿವರ್ತಕ ತಂತ್ರಾಂಶ ಅರ್ಕಾವತ್ತನ್ನು ಗುರುತಿಸಿ ಹಿಂದಕ್ಕೆ ಎಳೆದು ರಕಾರ ಮಾಡಬೇಕು. 'ರ‍್ಯಾಂಕ್' ಎಂಬ ಮಾತಿನಲ್ಲಿ ರ-ದ ಕೆಳಗೆ ಯ-ವತ್ತು ಬರಬೇಕು, ಅರ್ಕಾವತ್ತು ಬರಬಾರದು. ಇದಕ್ಕೆ ಕಣ್ಣಿಗೆ ಕಾಣದ ಜೋಡುಗುರುತೊಂದನ್ನು ನಡುವೆ ಸೇರಿಸಬೇಕು. ಒಂದು ಕಡತದ ನಡುವೆ ಇಂಗ್ಲಿಷ್ ಸಾಲೊಂದು ಇದ್ದರೆ ಅದೂ ಕನ್ನಡದ ವೇಷ ತೊ‌ಟ್ಟು ಹೊರಬರುತ್ತದೆ. ಸ್ವಯಂಸೇವಕರು ಮುಕ್ತ ಪರಿವರ್ತಕಗಳನ್ನು ಬರೆದು ಬಿಡಿ ಬರಹಗಾರರ ಕಷ್ಟ ನೀಗಿದರು. ಆದರೆ ಕಚೇರಿಯ ಕಪಾಟು ತುಂಬಿದ ಕಡತಗಳನ್ನು ತಿರುಗಿಸಿ, ಗ್ರಾಮ ಲೆಕ್ಕಿಗರು ಪಹಣಿಗೆ ಮಾಡಿದಂತೆ ತಾಳೆ ನೋಡಿ ರುಜು ಹಾಕುವ ಕೆಲಸ ಆದೇಶದ ಜೊತೆಗೆ ಬರಲಿಲ್ಲ. ಹಳೆಯದು ನಿಲ್ಲುವ ದಿನವೂ ತಾಲ್ಲೂಕುವಾರು ಗೊತ್ತಾಗಲಿಲ್ಲ.

ಕಡೆಗೆ ಯುನಿಕೋಡನ್ನು ಜನರ ಮಾಮೂಲು ಮಾಡಿದ್ದು ಫೋನು. 2012ರ ಆಂಡ್ರಾಯ್ಡ್ 4.1ರಲ್ಲಿ ತೆಲುಗು, ಮಲಯಾಳಗಳ ಜೊತೆ ಕನ್ನಡವೂ ಕಾಣತೊಡಗಿತು. ಅಲ್ಲಿ ಹಳೆಯ ಸಂಕೇತದ ಕಡತಗಳಿರಲಿಲ್ಲ, ಬೆರಳಿಗೆ ಹಳೆಯ ಕೀಲಿಮಣೆಯ ನೆನಪೂ ಇರಲಿಲ್ಲ. ಹೊರೆಯೇ ಇಲ್ಲದ ಕಡೆ ಹೊಸದು ಸದ್ದಿಲ್ಲದೆ ಡೀಫಾಲ್ಟ್ ಆಯಿತು. ಶೇಂಗಾ ಧಾರಣೆಯ ಸಂದೇಶವನ್ನು ಯುನಿಕೋಡಿನಲ್ಲಿ ಓದುವ ರೈತ, ಅರ್ಜಿ ಬರೆಸಲು ಮಾತ್ರ ನುಡಿಯ ಅಂಗಡಿಗೆ ಹೋಗುವ ವಿಚಿತ್ರ ಹೀಗೆ ಹುಟ್ಟಿತು.

ಕಾಸರಗೋಡಿನ ಶಾಲೆಗಳು

ಇನ್ನೊಂದು ದಾರಿಯೂ ಇತ್ತು ಎಂಬುದಕ್ಕೆ ಕನ್ನಡಿಗರದೇ ಉದಾಹರಣೆಯಿದೆ, ಅದು ಕರ್ನಾಟಕದ್ದಲ್ಲ. ಕೇರಳ ಸರ್ಕಾರದ 'ಐಟಿ ಅಟ್ ಸ್ಕೂಲ್' ಯೋಜನೆ 2000ರ ದಶಕದ ನಡುವೆ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಶಿಕ್ಷಣವನ್ನು ಲಿನಕ್ಸಿಗೆ ಬದಲಿಸಿತು. ಮೊದಲು ಶಿಕ್ಷಕರಿಗೆ ತರಬೇತಿ ಕೊಟ್ಟರು, ಪಠ್ಯಪುಸ್ತಕ ಬದಲಿಸಿದರು, ಎಸ್ಸೆಸ್ಸೆಲ್ಸಿಯ ಪ್ರಾಯೋಗಿಕ ಪರೀಕ್ಷೆಯನ್ನೂ ಮುಕ್ತ ತಂತ್ರಾಂಶದಲ್ಲೇ ನಡೆಸಿದರು. ಪರೀಕ್ಷೆಯ ದಿನವೇ ಹಳೆಯದು ನಿಂತ ದಿನವಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದೇ ಪದ್ಧತಿಯಲ್ಲಿ ಕಲಿತರು. ಯೋಜನೆಗೆ ಈಗ 'ಕೈಟ್' ಎಂದು ಹೆಸರು, ಉಬುಂಟು ಆಧರಿಸಿ ಅದು ತನ್ನದೇ ಲಿನಕ್ಸ್ ರೂಪಿಸುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಂದ ದೂರದ ಮಂಜೇಶ್ವರದ ಶಾಲೆಯಲ್ಲಿ ಕನ್ನಡದ ಹುಡುಗಿಗೆ ಲಿನಕ್ಸ್ ಎಂಬುದು ಚಳವಳಿಯಲ್ಲ, ಬಟನ್ ಒತ್ತಿದರೆ ಬರುವ ಪರದೆ.

ಹಳೆಯದರ ಹೊರೆ

ಇಷ್ಟನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ತೀರ್ಮಾನದ ಸೂತ್ರ ಕಾಣುತ್ತದೆ. ಭೂಮಿ ಗೆದ್ದದ್ದು ಹಳೆಯ ಪುಸ್ತಕದ ಭಾರವನ್ನು ಹೊತ್ತದ್ದರಿಂದ. ಹಾರ್ಫ್‌ಬಜ್ ಗೆದ್ದದ್ದು ಹಳೆಯ ಎಂಜಿನ್ನಿನ ಕೆಲಸವನ್ನು ಲಕ್ಷಗಟ್ಟಲೆ ಪದಗಳಲ್ಲಿ ಮಾಡಿ ತೋರಿಸಿದ್ದರಿಂದ. ಕಗಪ ಉಳಿದದ್ದು ಹಳೆಯ ಬೆರಳನ್ನು ಹೊಸ ಸಂಕೇತಕ್ಕೆ ಕರೆತಂದದ್ದರಿಂದ. ಯುನಿಕೋಡಿನ ಸರ್ಕಾರಿ ಆದೇಶ ಕುಂಟಿದ್ದು, ತಂತ್ರವಾಗಿ ಅದು ಎಲ್ಲಕ್ಕಿಂತ ಮೇಲಾಗಿದ್ದರೂ, ಹಳೆಯ ಕಡತದ ಹೊರೆಯನ್ನು ಯಾರೂ ಎತ್ತಿಕೊಳ್ಳದ್ದರಿಂದ. ಹೊಸದು ಒಳ್ಳೆಯದಾದ ದಿನ ಮುಹೂರ್ತ ಕೂಡುವುದಿಲ್ಲ, ಹಳೆಯದರ ಜವಾಬ್ದಾರಿ ಪೂರ್ತಿಯಾಗಿ ಅದರ ಹೆಗಲಿಗೆ ಬಂದ ದಿನ ಕೂಡುತ್ತದೆ.

ಜವಾಬ್ದಾರಿ ಅಷ್ಟಕ್ಕೇ ಮುಗಿಯುವುದೂ ಇಲ್ಲ. ಕೈಬರಹದ ಪಹಣಿ ನಿಂತು ಎರಡು ದಶಕ ಕಳೆದ ಮೇಲೆ, 2024ರಿಂದ, ರಾಜ್ಯ ಸರ್ಕಾರ 'ಭೂ ಸುರಕ್ಷಾ' ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಅಭಿಲೇಖಾಲಯದ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಮಂಜೂರಾತಿಯ ಕಡತ, ಹಳೆಯ ವಹಿ, ಪುಡಿಯಾಗುತ್ತಿರುವ ನಕ್ಷೆಗಳಿಗೆ ಈಗಲೂ ಕೋರ್ಟಿನಲ್ಲಿ ತೂಕವಿದೆ. ಕಂಪ್ಯೂಟರ್ ಪಹಣಿ ಮಾಮೂಲಾದರೂ ಅದರ ಬೇರು ಆ ಕಾಗದದಲ್ಲಿದೆ.

ಮುಂದೆ ಬರಲಿರುವ ತೀರ್ಮಾನಗಳಿಗೆ ಇಲ್ಲಿಂದ ಒಂದು ಕೆಲಸ ಹುಟ್ಟುತ್ತದೆ. ಹಾರ್ಫ್‌ಬಜ್‌ಗೆ ಒರೆಗಲ್ಲಾದ ಪದಗಳು ವಿಕಿಪೀಡಿಯದವು. ಅಲ್ಲಿ ಲೇಖನಗಳ ಕನ್ನಡವಿದೆ, ಕಂದಾಯದ ಕನ್ನಡವಿಲ್ಲ. ಪಹಣಿಯ ಖಾತೆದಾರರ ಹೆಸರಿನ ರೀತಿಗಳು, ಮ್ಯಾಸಬೇಡರ, ಗೊಲ್ಲರ ಹಟ್ಟಿಗಳ ಹೆಸರು, ಖರಾಬು, ಇನಾಂತಿ, ಬಗರ್‌ಹುಕುಂ ಎಂಬ ಮಾತುಗಳು, ಆಂಧ್ರದ ಗಡಿಯ ಊರಹೆಸರುಗಳು, ಇವೆಲ್ಲ ಅಲ್ಲಿ ಎಷ್ಟು ಸಿಕ್ಕೀತು? ಖಾಸಗಿ ವಿವರಗಳನ್ನು ತೆಗೆದು, ಬರೀ ಪದಗಳ ಪಟ್ಟಿಯನ್ನು ಕಂದಾಯ ಇಲಾಖೆ ಮುಕ್ತವಾಗಿ ಹಂಚಿದರೆ, ಹೊಸ ಫಾಂಟೋ ಹೊಸ ಪರಿವರ್ತಕವೋ ಕೈಬರಹ ಓದುವ ಹೊಸ ತಂತ್ರಾಂಶವೋ ಬಂದಾಗ ಅದನ್ನು ಒರೆಗೆ ಹಚ್ಚಲು ಚಳ್ಳಕೆರೆ, ಮೊಳಕಾಲ್ಮೂರಿನ ಕನ್ನಡವೇ ಸಿಗುತ್ತದೆ. ಆ ಪಟ್ಟಿಯಲ್ಲಿ ಎಷ್ಟು ಪದ ತಪ್ಪಿತು ಎಂಬ ಲೆಕ್ಕ ಎಲ್ಲರಿಗೂ ಕಾಣುವಂತಿರಲಿ. ತಪ್ಪಿದ ಪದವೊಂದು ಯಾರದೋ ಹೊಲದ ಹೆಸರಾಗಿದ್ದರೆ, ಹಳೆಯದನ್ನು ನಿಲ್ಲಿಸುವ ದಿನವನ್ನು ಮುಂದಕ್ಕೆ ಹಾಕಲು ಅದೊಂದೇ ಕಾರಣ ಸಾಕು.